ಮೂರನೇ ಭಾಗದಲ್ಲೂ ನೀರು ಬರಲಿಲ್ಲ

ಆಗಸ್ಟ್ ೧೮, ಮಂಗಳವಾರ. ಪಂಚಮಿಯ ಮರುದಿನ. ಬರೆಯಲು ಕೂತಾಗ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕರೆಂಟು ಹೋಗಿದೆ.

ಲೋಕದಲ್ಲಿ ಅಭಿಪ್ರಾಯಗಳಿಗೆ ಯಾವತ್ತೂ ಬರ ಬಂದಿಲ್ಲ. ಮಳೆ ಕೈಕೊಟ್ಟ ವರ್ಷವೂ ನಮ್ಮ ರೋಣದಲ್ಲಿ ಅಭಿಪ್ರಾಯದ ಬೆಳೆ ಹುಲುಸಾಗಿಯೇ ಬಂದಿದೆ. ಕೊರತೆ ಇರುವುದು ಅವುಗಳನ್ನು ಎಣಿಸಿ, ವಿಂಗಡಿಸಿ, ಒಪ್ಪವಾಗಿ ಇಡುವವರದ್ದು. ಆ ಕೊರತೆಯನ್ನು ನೀಗಿಸಲೆಂದೇ ನಾನು ಹುಟ್ಟಿದ್ದೇನೆ ಎಂದು ಮೊನ್ನೆ ಶನಿವಾರ ಮಧ್ಯಾಹ್ನದವರೆಗೂ ನಂಬಿದ್ದೆ.

ಎಣಿಸುವುದು ನನ್ನ ಹುಟ್ಟುಗುಣ. ಅವ್ವ ಹೇಳುವ ಪ್ರಕಾರ ನಾನು ಮಾತು ಕಲಿಯುವ ಮೊದಲೇ ರೊಟ್ಟಿ ಎಣಿಸುತ್ತಿದ್ದೆ. ಮಾತೇ ಬಾರದ ಕೂಸು ಎಣಿಸುವುದು ಹೇಗೆ ಎಂದು ಕೇಳಿದರೆ, "ಬೆರಳು ತೋರಸ್ತಿದ್ದಿ" ಎನ್ನುತ್ತಾಳೆ. ಪಿಯುಸಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ 'ಇಂದು ಮನಸ್ಸು ಭಾರವಾಗಿತ್ತು' ಎಂಬಂಥ ಸಾಲು ನಿಮಗೆ ಸಿಗುವುದಿಲ್ಲ. 'ಪಹಣಿಯ ನಕಲು ಕೇಳಿದವರು ಒಂಬತ್ತು ಮಂದಿ, ಪಹಣಿಯನ್ನೇ ಮನೆಯಲ್ಲಿ ಬಿಟ್ಟು ಬಂದವರು ಮೂವರು' ಎಂಬಂಥ ಸಾಲು ಸಿಗುತ್ತದೆ. ಒಮ್ಮೆ ಅದನ್ನು ಓದಿದ ಗೆಳತಿಯೊಬ್ಬಳು, "ನಿನ್ನ ಲಗ್ನದ ದಿನಾ ಏನ್ ಬರೀತಿ ಗಿರ್ಜಾ?" ಎಂದು ಕೇಳಿದಳು. ಊಟಕ್ಕೆ ಎಷ್ಟು ಪಂಕ್ತಿ ಆದವು ಎಂದು ಬರೆಯುತ್ತೇನೆ ಎಂದೆ. ಅವಳು ಯಾಕೆ ಅಷ್ಟು ನಕ್ಕಳೋ ಇನ್ನೂ ತಿಳಿದಿಲ್ಲ.

ನನ್ನ ಎರಡನೆಯ ಚಟ ವೈಜ್ಞಾನಿಕ ಸಿನಿಮಾ. ಅದರಲ್ಲೂ ಒಂದು ಸರಣಿಗೆ ನಾನು ಪ್ರಾಣ ಕೊಡುತ್ತೇನೆ. ಹೆಸರು ಹೇಳುವುದಿಲ್ಲ. ಹೇಳಿದರೆ ಬೇರೆ ಸರಣಿಯ ಅಭಿಮಾನಿಗಳು ನನ್ನ ಅಂಗಡಿಯವರೆಗೂ ಬಂದು ಬೈಯುತ್ತಾರೆ. ಕತೆ ಇಷ್ಟು: ಭೂಮಿಯ ಮೇಲೆ ನೀರು ತೀರಿಹೋಗಿದೆ. ಒಬ್ಬ ಕ್ಯಾಪ್ಟನ್ ನಾಲ್ಕು ಮಂದಿಯನ್ನು ಕಟ್ಟಿಕೊಂಡು, ನೀರಿರುವ ಗ್ರಹವನ್ನು ಹುಡುಕುತ್ತ ಆಕಾಶನೌಕೆಯಲ್ಲಿ ಹೊರಡುತ್ತಾನೆ. ಮೊದಲ ಭಾಗದ ಕೊನೆಗೆ ದೂರದ ಗ್ರಹವೊಂದರ ಮೇಲೆ ನೀರು ಫಳ್ಳೆಂದು ಹೊಳೆದು ಸಿನಿಮಾ ಮುಗಿಯುತ್ತದೆ. ಎರಡನೇ ಭಾಗದಲ್ಲಿ ಅಲ್ಲಿಗೆ ಹೋಗಿ ನೋಡಿದರೆ ಅದು ಗಾಜು. ಆ ಭಾಗದ ಕೊನೆಗೂ ಮತ್ತೆಲ್ಲೋ ಹೊಳೆಯುತ್ತದೆ. ಮೂರನೇ ಭಾಗದಲ್ಲಿ ಕ್ಯಾಪ್ಟನ್ನನ ನೌಕೆಗೆ ಶಕ್ತಿ ಸಾಲದೆ, ಅಕ್ಕಪಕ್ಕದ ಎರಡು ಸಣ್ಣ ನೌಕೆಗಳನ್ನು ಜೋಡಿಸಿಕೊಂಡು ಮುಂದೆ ಸಾಗಬೇಕಾಗುತ್ತದೆ. ನೀರು? ಕೊನೆಗೆ ಹೊಳೆಯುತ್ತದೆ.

ಈ ಸರಣಿಯ ಅಭಿಮಾನಿಗಳದ್ದೊಂದು ಗುಂಪು ಫೋನಿನಲ್ಲಿದೆ. ನಾನೂ ಅದರಲ್ಲಿದ್ದೇನೆ. ಗುಂಪಿನ ಮೊದಲ ನಿಯಮ, ಇಲ್ಲಿ ರಾಜಕೀಯ ತರಬಾರದು. ತರುವ ಅಗತ್ಯವೂ ಇಲ್ಲ. ಎರಡನೇ ಭಾಗ ಹೆಚ್ಚೋ ಮೂರನೇ ಭಾಗ ಹೆಚ್ಚೋ ಎಂಬ ಒಂದೇ ಪ್ರಶ್ನೆಗೆ ಅಲ್ಲಿ ನಡೆಯುವ ಕಾಳಗದ ಮುಂದೆ ಚುನಾವಣೆ ಸಪ್ಪೆ. ಮೂರನೆಯದನ್ನು ಟೀಕಿಸಿದವರನ್ನು ದ್ರೋಹಿಗಳೆನ್ನುತ್ತಾರೆ. ಹೊಗಳಿದವರನ್ನು ಕುರುಡು ಭಕ್ತರೆನ್ನುತ್ತಾರೆ. 'ಇಷ್ಟವಿಲ್ಲದಿದ್ದರೆ ಬೇರೆ ಗ್ರಹಕ್ಕೆ ಹೋಗು' ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದನ್ನು ನಾನೇ ಓದಿದ್ದೇನೆ. ಅಲ್ಲಿಯ ಅಭಿಪ್ರಾಯಗಳನ್ನೆಲ್ಲ ಪಟ್ಟಿ ಮಾಡಿ ಇಡುವ ಕೆಲಸವನ್ನು ನನಗೆ ಯಾರೂ ವಹಿಸಿರಲಿಲ್ಲ. ನಾನೇ ವಹಿಸಿಕೊಂಡೆ.

ಇನ್ನು ನನ್ನ ಅಂಗಡಿ. ರೋಣದ ಬಸ್ ನಿಲ್ದಾಣದ ಹತ್ತಿರ, ಝೆರಾಕ್ಸ್ ಮತ್ತು ಬೋರ್ಡು ಬರೆಯುವ ಅಂಗಡಿ. ಪಕ್ಕದಲ್ಲೇ ಸಂಗಪ್ಪನ ಚಹಾದಂಗಡಿ. ನಡುವೆ ಇರುವುದು ಒಂದು ತಗಡು. ಆ ಕಡೆ ಸಂಗಪ್ಪ ಒಗ್ಗರಣೆ ಹಾಕಿದರೆ ಈ ಕಡೆ ನಾನು ಸೀನುತ್ತೇನೆ. ಈ ಕಡೆ ನಾನು ಸೀನಿದರೆ ಆ ಕಡೆಯಿಂದ ಯಾರಾದರೂ "ನೂರು ವರ್ಷ" ಎನ್ನುತ್ತಾರೆ. ಇಂಥ ತಗಡಿನ ಪಕ್ಕದಲ್ಲಿ ಕೂತವಳು ಜನರ ಮಾತು ಕದ್ದು ಕೇಳುತ್ತಾಳೆ ಎಂದು ಹೇಳುವುದು ಅನ್ಯಾಯ. ಮಾತೇ ಬಂದು ಅವಳ ಕಿವಿಯಲ್ಲಿ ಕೂತುಕೊಳ್ಳುತ್ತದೆ.

ಎರಡು ವರ್ಷದ ಹಿಂದೆ, ಲೋಕಸಭೆ ಚುನಾವಣೆಯ ಬೇಸಿಗೆಯಲ್ಲಿ, ಆ ತಗಡಿನ ಆಚೆಯಿಂದ ಬಂದ ಮಾತು ಮಾತ್ರ ಬರಬಾರದಿತ್ತು. ನನ್ನ ಅಪ್ಪ ಶಿವಣ್ಣನಿಗೆ ಊರಲ್ಲಿ ಬೀಜ-ಗೊಬ್ಬರದ ಅಂಗಡಿ. ಅವ್ವನ ಅಣ್ಣ ಬಸಣ್ಣ ಮಾಮಾ ನರಗುಂದದವನು, ಕಾಳಿನ ವ್ಯಾಪಾರಿ, ವಾರಕ್ಕೊಮ್ಮೆ ಸಂತೆಗೆ ರೋಣಕ್ಕೆ ಬರುತ್ತಾನೆ. ಇಬ್ಬರೂ ಸಂಗಪ್ಪನ ಬೆಂಚಿನ ಮೇಲೆ ಒಂದೇ ತಟ್ಟೆಯಿಂದ ಮಿರ್ಚಿ ತಿನ್ನುತ್ತ ದೇಶದ ವಿಚಾರ ಮಾತಾಡುತ್ತಿದ್ದರು. ಯಾರು ಯಾವ ಕಡೆ ಎಂದು ಈಗಲೇ ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧ ಮಂದಿ ಎದ್ದು ಹೋಗುತ್ತಾರೆ. ಅಂತೂ ಮಾತಿಗೆ ಮಾತು ಬೆಳೆದು, ಮಿರ್ಚಿಯ ತಟ್ಟೆ ನೆಲಕ್ಕೆ ಬಿದ್ದು, ಮಾಮಾ, "ಇನ್ನ ನಿಮ್ಮ ಮನಿ ಹೊಸ್ತಲಾ ತುಳಿಯೂದಿಲ್ಲ ಶಿವಣ್ಣಾರ" ಎಂದ. ಅಪ್ಪ, "ತುಳೀರಿ ಅಂತ ಯಾರ ಗಂಟಬಿದ್ದಾರ?" ಎಂದ. ಅಲ್ಲಿಗೆ ಮುಗಿಯಿತು.

ಸಂಗಪ್ಪನಿಗೆ ಎರಡು ಖಾಯಂ ಗಿರಾಕಿ ಹೋದ ದುಃಖ. ನನ್ನ ಹತ್ತಿರ ಬಂದು, "ಗಿರ್ಜವ್ವ, ಒಂದ ಬೋರ್ಡ್ ಬರದ ಕೊಡು. ಕೆಂಪ ಅಕ್ಷರ ಇರ್ಲಿ" ಎಂದ. 'ಇಲ್ಲಿ ರಾಜಕೀಯ ಮಾತನಾಡಬಾರದು. ಮಾತನಾಡಿದವರಿಗೆ ಎರಡನೇ ಚಹಾ ಇಲ್ಲ.' ಬರೆದು ಕೊಟ್ಟೆ. ಬೋರ್ಡು ಬಂದಮೇಲೆ ಇಬ್ಬರೂ ಧೈರ್ಯವಾಗಿ ಮತ್ತೆ ಚಹಾಕ್ಕೆ ಬರಲು ಶುರುಮಾಡಿದರು, ಬೆಂಚಿನ ಎರಡು ತುದಿಗೆ ಕೂತರು, ಮಾತಾಡಲಿಲ್ಲ. ಬೋರ್ಡು ಜಗಳ ನಿಲ್ಲಿಸಿತ್ತು, ಮಾತನ್ನೂ ನಿಲ್ಲಿಸಿತ್ತು.

ಪೆಟ್ಟು ಬಿದ್ದದ್ದು ಅವ್ವನಿಗೆ. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಎಷ್ಟು ವಯಸ್ಸಾದರೂ, ಎಷ್ಟು ಮಕ್ಕಳಾದರೂ ಆ ಕರೆಯುವುದಕ್ಕೊಂದು ತೂಕವಿದೆ. ಜಗಳವಾದ ವರ್ಷ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಗಜೇಂದ್ರಗಡದಿಂದ ತರಿಸಿದ ಪಟ್ಟೇದಂಚಿನ ಸೀರೆಯನ್ನು ಮಡಚಿ ಚೀಲದಲ್ಲಿಟ್ಟು ಕಾದಳು. ಮಾಮಾ ಬರಲಿಲ್ಲ. ಸಂಜೆ ಸೀರೆ ಟ್ರಂಕಿಗೆ ಹೋಯಿತು. ಹೋದ ವರ್ಷವೂ ಅಷ್ಟೇ. ಕರೆಯದೆ ತಾನಾಗಿ ಹೋಗುವ ಹೆಣ್ಣುಮಗಳಲ್ಲ ಅವಳು. ರೋಣಕ್ಕೂ ನರಗುಂದಕ್ಕೂ ನಡುವೆ ಇರುವುದು ಒಂದು ತಾಸಿನ ಬಸ್ಸಿನ ದಾರಿ ಮತ್ತು ಲೋಕಸಭೆ. ಬಸ್ಸಿನ ದಾರಿಯನ್ನು ಅವಳು ದಾಟಬಲ್ಲಳು.

ಈ ವರ್ಷ ಮೇ ತಿಂಗಳಲ್ಲಿ ನನ್ನ ಸರಣಿಯ ಮೂರನೇ ಭಾಗ, ತಡವಾಗಿಯಾದರೂ, ಕನ್ನಡದ ಮಾತು ಜೋಡಿಸಿಕೊಂಡು ಗಜೇಂದ್ರಗಡದ ಟಾಕೀಸಿಗೆ ಬಂತು. ಗೆಳತಿಯನ್ನು ಕಟ್ಟಿಕೊಂಡು ಹೋಗಿ ನೋಡಿ ಬಂದೆ. ಟಾಕೀಸಿನವರು ನನ್ನ ಉತ್ಸಾಹ ನೋಡಿ ಒಂದು ಪೋಸ್ಟರನ್ನೇ ಕೊಟ್ಟರು. ಅದನ್ನು ತಂದು ಅಂಗಡಿಯ ಹೊರಗೋಡೆಗೆ, ಸಂಗಪ್ಪನ ಬೆಂಚಿನಿಂದ ನೇರ ಕಾಣುವ ಹಾಗೆ ಅಂಟಿಸಿದೆ. ಕ್ಯಾಪ್ಟನ್ನನ ಮುಖ, ಕೆಳಗೆ ದಪ್ಪ ಅಕ್ಷರ: 'ಭಾಗ ಮೂರು. ಈ ಸಲ ನೀರು ಖಂಡಿತ.'

ಜೂನಿನ ಮೊದಲ ಸಂತೆಯ ದಿನ, ತಗಡಿನ ಆಚೆಯಿಂದ ಫಕೀರಪ್ಪ ಕಾಕಾನ ಧ್ವನಿ ಬಂತು. ಕಾಕಾ ನಿವೃತ್ತ ಬಸ್ ಕಂಡಕ್ಟರ್. ನಿವೃತ್ತಿಯಾಗಿದ್ದು ಕಾಕಾ, ಧ್ವನಿಯಲ್ಲ. ಬಸ್ಸಿನ ಹಿಂದಿನ ಸೀಟಿಗೆ ಕೇಳುವ ಹಾಗೆ ಕೇಳಿದ:

"ಬಸಣ್ಣಾರ, ಮೂರನೇ ಭಾಗ ಹ್ಯಾಂಗ ನಡದೈತ್ರಿ?"

ಮಾಮಾ ಗಂಟಲು ಸರಿಮಾಡಿಕೊಂಡ.

"ಏನ್ ನಡೀತೈತಿ ಫಕೀರಪ್ಪ. ಮೊದಲನೇದ್ದು ಒಂದೀಟು ನೋಡೂಹಂಗ ಇತ್ತು, ಸುಳ್ಳ ಯಾಕ ಹೇಳ್ಲಿ. ಎರಡನೇದ್ರಾಗ ಬರೇ ಸೌಂಡು. ಮೂರನೇದ್ರಾಗ ಆಜೂಬಾಜೂದವರು ಹೆಗಲ ಕೊಟ್ಟಾರ ಅಂತ ಗಾಡಿ ಹೊಂಟೈತಿ. ಇಲ್ಲಂದ್ರ ಇಂಟರ್ವಲ್ ತನಕಾನೂ ಬರ್ತಿದ್ದಿಲ್ಲ."

ನಾನು ಝೆರಾಕ್ಸ್ ಯಂತ್ರದ ಮುಚ್ಚಳ ಹಿಡಿದವಳು ಹಾಗೇ ನಿಂತೆ. ಪಕ್ಕದ ನೌಕೆಗಳು ಹೆಗಲು ಕೊಡುವ ದೃಶ್ಯ ಮೂರನೇ ಭಾಗದ ಜೀವಾಳ. ನರಗುಂದದ ಕಾಳಿನ ವ್ಯಾಪಾರಿಯೊಬ್ಬ ಅದನ್ನು ಒಂದೇ ಮಾತಿನಲ್ಲಿ ಹಿಡಿದುಬಿಟ್ಟಿದ್ದ. ಅದಕ್ಕಿಂತ ದೊಡ್ಡ ಆಶ್ಚರ್ಯ ಬೆಂಚಿನ ಇನ್ನೊಂದು ತುದಿಯಿಂದ ಬಂತು. ಅಪ್ಪ ಮಾತಾಡಿದ.

"ಹೆಗಲ ಕೊಡಾಕ ಮಂದಿ ಬರ್ತಾರಂದ್ರ ಹೀರೋನ ಕಿಮ್ಮತ್ತು ಎಷ್ಟೈತಿ ನೋಡ್ರಿ. ಎದರಿನವರ ಪಿಕ್ಚರ್‌ನ್ಯಾಗ ಹೀರೋ ಯಾರಂತ ಇನ್ನೂ ಮೀಟಿಂಗ್ ನಡದೈತಿ."

"ಮೀಟಿಂಗರ ನಡದೈತಿ. ನಿಮ್ಮ ಪಿಕ್ಚರ್‌ನ್ಯಾಗ ಹೀರೋನ ಹೀರೋ, ಹೀರೋನ ಡೈರೆಕ್ಟರ್, ಹಾಡೂ ಅವನ."

"ಮಂದಿ ಟಿಕೀಟ ತಗೊಂಡಾರ ಇಲ್ಲೋ?"

"ಟಿಕೀಟೇನ್ ಎಲ್ಲಾರೂ ತಗೋತಾರ್ರಿ. ಪಿಕ್ಚರ್ ಮುಗದ ಮ್ಯಾಲ ಬೈಯಾಕ ಬೇಕಲ್ಲ."

ಸಂಗಪ್ಪ ಇಬ್ಬರಿಗೂ ಎರಡನೇ ಚಹಾ ಕೊಟ್ಟ. ಲೋಟ ಇಟ್ಟ ಸದ್ದು ನನಗೆ ಕೇಳಿಸಿತು. ಅಂದಮೇಲೆ ಬೋರ್ಡಿನ ನಿಯಮ ಮುರಿದಿಲ್ಲ, ಇದು ಶುದ್ಧ ಸಿನಿಮಾ ಎಂದು ನಾನು ತೀರ್ಮಾನಿಸಿದೆ. ನನ್ನ ಕೈಯಾರೆ ಬರೆದ ಬೋರ್ಡಿನ ಮೇಲೆ ನನಗಲ್ಲದೆ ಇನ್ನಾರಿಗೆ ನಂಬಿಕೆ ಇರಬೇಕು?

ಅಪ್ಪನ ಬಗ್ಗೆ ಒಂದು ಮಾತು. ಅವನು ಟಿವಿಯಲ್ಲಿ ಯಾವ ಸಿನಿಮಾ ಹಾಕಿದರೂ ಹೆಸರು ಬರುವ ಮೊದಲೇ ಗೊರಕೆ ಹೊಡೆಯುವ ಆಸಾಮಿ. ಯಂತ್ರಮಾನವನನ್ನು 'ತಗಡಿನ ಮನಷ್ಯಾ' ಎಂದೂ ಆಕಾಶನೌಕೆಯನ್ನು 'ಆ ಟ್ಯಾಂಕರ್' ಎಂದೂ ಕರೆಯುವವನು. ಅಂಥವನು ನನಗೆ ಗೊತ್ತಾಗದ ಹಾಗೆ ಮೂರೂ ಭಾಗ ನೋಡಿದ್ದಾನೆ ಎಂದರೆ? ಬಹುಶಃ ಗೊಬ್ಬರ ತರಲು ಗಜೇಂದ್ರಗಡಕ್ಕೆ ಹೋದಾಗ ನೋಡಿರಬೇಕು, ಮಗಳ ಮುಂದೆ ಹೇಳಲು ಸಂಕೋಚ. ಅವತ್ತು ರಾತ್ರಿ ಅವನಿಗೆ ಒಂದು ರೊಟ್ಟಿ ಹೆಚ್ಚು ಬಡಿಸಿದೆ. ಅವ್ವನಿಗೆ ಗುಟ್ಟಾಗಿ ಹೇಳಿದೆ: "ಅಪ್ಪ ಮಾಮಾನ ಕೂಡ ಮಾತಾಡಿದ." ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ, "ಪಂಚಮಿದೇನರ ಸುದ್ದಿ ಬಂತ?" ಎಂದಳು. ಸಿನಿಮಾದ ಸುದ್ದಿ ಎಂದೆ. ಮತ್ತೆ ನಾದತೊಡಗಿದಳು.

ಅಂದಿನಿಂದ ಪ್ರತಿ ಸಂತೆಯ ದಿನ ತಗಡಿಗೆ ಹತ್ತಿರದ ಕುರ್ಚಿ ನನ್ನದು. ಹೇಳಿದವರು ಯಾರು, ಯಾವ ಭಾಗದ ಬಗ್ಗೆ, ಮೆಚ್ಚಿದ್ದೇನು, ಮೆಚ್ಚದ್ದೇನು ಎಂದು ಪಟ್ಟಿ ಬೆಳೆಯಿತು. ಅದರ ಪಕ್ಕದಲ್ಲಿ ನನ್ನ ಟಿಪ್ಪಣಿ. ಈಗ ಆ ಟಿಪ್ಪಣಿಗಳನ್ನು ನೆನೆದರೆ ಮೈಯೆಲ್ಲ ಬಿಸಿಯಾಗುತ್ತದೆ.

ಉದಾಹರಣೆಗೆ, ಮಾಮಾ ಒಂದು ದಿನ, "ಮೂರೂ ಭಾಗದಾಗ ಉಳ್ಳಾಗಡ್ಡಿದ ಒಂದ ಸೀನರ ಐತೇನ?" ಎಂದ. ನೌಕೆಯೊಳಗೆ ಗಾಜಿನ ಬುರುಡೆಗಳಲ್ಲಿ ತರಕಾರಿ ಬೆಳೆಯುವ ಒಂದು ಕೋಣೆ ಇದೆ. ನಾನು ಆ ದೃಶ್ಯವನ್ನು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಟೊಮೆಟೊ ಇದೆ, ಯಾವುದೋ ಸೊಪ್ಪಿದೆ, ಉಳ್ಳಾಗಡ್ಡಿ ನಿಜಕ್ಕೂ ಇಲ್ಲ. 'ಕೃಷಿ ಹಿನ್ನೆಲೆಯ ಪ್ರೇಕ್ಷಕರ ಸೂಕ್ಷ್ಮ ಕಣ್ಣು' ಎಂದು ಟಿಪ್ಪಣಿ ಬರೆದೆ. ಇನ್ನೊಂದು ದಿನ ಫಕೀರಪ್ಪ ಕಾಕಾ, "ನನಗ ಎರಡನೇದ್ರಾಗ ನೆನಪ ಉಳದದ್ದಂದ್ರ ಎಲ್ಲಾರೂ ಬಾಗಲಾ ಹಾಕ್ಕೊಂಡ ಒಳಗ ಕುಂತದ್ದು, ತಾಟು ಬಾರಿಸಿದ್ದು" ಎಂದ. ಇದು ಸರಿಯಾಗಿಯೇ ಇತ್ತು. ಎರಡನೇ ಭಾಗದಲ್ಲಿ ಸಿಬ್ಬಂದಿ ತಂತಮ್ಮ ಕೋಣೆಗಳಲ್ಲಿ ಸಿಕ್ಕಿಕೊಂಡು, ಲೋಹದ ತಟ್ಟೆ ಬಡಿದು ಒಬ್ಬರಿಗೊಬ್ಬರು ಸಂದೇಶ ಕಳಿಸುತ್ತಾರೆ. ಅದೇ ಕಾಕಾ ಮುಂದುವರಿದು, "ಮೊದಲನೇದ್ರಾಗ ಬ್ಯಾಂಕಿನ ಮುಂದ ಪಾಳಿ ಹಚ್ಚಿದ ಸೀನಂತೂ ಸಾಯೂತನಕ ಮರಿಯೂದಿಲ್ಲ" ಎಂದಾಗ ಮಾತ್ರ ನಾನು ತಬ್ಬಿಬ್ಬಾದೆ. ಮೊದಲ ಭಾಗದಲ್ಲಿ ಬ್ಯಾಂಕೂ ಇಲ್ಲ, ಸರದಿ ಸಾಲೂ ಇಲ್ಲ. ಆದರೆ ತಟ್ಟೆಯ ದೃಶ್ಯವನ್ನು ಅಷ್ಟು ನಿಖರವಾಗಿ ನೆನಪಿಟ್ಟವರು ಬ್ಯಾಂಕಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆಯೇ? ಸಿನಿಮಾದಿಂದ ಕತ್ತರಿಸಿ ತೆಗೆದ ದೃಶ್ಯ ಇರಬೇಕು, ನಮ್ಮ ಕಡೆಯ ಯಾವುದೋ ಟಾಕೀಸಿನಲ್ಲಿ ತಪ್ಪಿ ತೋರಿಸಿರಬೇಕು ಎಂದು ನಿರ್ಧರಿಸಿ, ಫೋನಿನ ಗುಂಪಿನಲ್ಲಿ ವಿಚಾರಿಸಿದೆ. ಗುಂಪು ಹೊತ್ತಿಕೊಂಡಿತು.

ಇಬ್ಬರೂ ಒಪ್ಪಿದ ವಿಷಯ ಒಂದೇ ಒಂದು. ಜುಲೈಯಲ್ಲಿ ಒಂದು ದಿನ ಮಾಮಾನ ಧ್ವನಿ ಎಂದಿನ ಹಾಗೆ ತಮಾಷೆಯದ್ದಾಗಿರಲಿಲ್ಲ.

"ಒಂದ ಮಾತು ಹೇಳ್ತೇನಿ ಶಿವಣ್ಣಾರ. ಪ್ರತಿ ಭಾಗದ ಕಡೀಕ ನೀರು ತೋರಸ್ತಾರ. ಬಂತು ಬಂತು ಅಂತಾರ. ನಾವು ನರಗುಂದದವರು ಕೊಡಾ ಹಿಡ್ಕೊಂಡ ಕುಂತೇವಿ. ಮೂರನೇ ಭಾಗ ಆತು. ಎಲ್ಲೈತ್ರಿ ನೀರು?"

ಅಪ್ಪ ತಡಮಾಡದೆ ಅಂದ: "ಆ ಮಾತು ಮಾತ್ರ ಖರೇ ಬಸಣ್ಣಾರ. ಅದರಾಗ ಎರಡ ಮಾತಿಲ್ಲ. ಎದರಿನವರ ಪಿಕ್ಚರ್‌ನ್ಯಾಗೂ ಬಂದಿಲ್ಲ."

"ಇಲ್ಲ. ಅದೂ ಖರೇ."

ಈ ಸರಣಿಯ ದೊಡ್ಡ ದೋಷವೇ ಅದು ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ನನ್ನ ಅಪ್ಪ ಮತ್ತು ಮಾಮಾ ಬೆಂಚಿನ ಎರಡು ತುದಿಯಿಂದ ಅದನ್ನೇ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಅವತ್ತೇ ಪಟ್ಟಿಯನ್ನು ಶುದ್ಧಪ್ರತಿ ಮಾಡಿ, 'ರೋಣದ ಹಿರಿಯ ಅಭಿಮಾನಿಗಳು ಏನನ್ನುತ್ತಾರೆ' ಎಂಬ ತಲೆಬರಹ ಕೊಟ್ಟು ಗುಂಪಿಗೆ ಕಳಿಸಿದೆ. ಅಲ್ಲಿ ಅದು ಮೆರೆಯಿತು. 'ಇಷ್ಟು ಪ್ರಬುದ್ಧ ವಿಮರ್ಶೆ ಇದುವರೆಗೆ ಓದಿರಲಿಲ್ಲ' ಎಂದು ಒಬ್ಬರು ಬರೆದರು. ಉಳ್ಳಾಗಡ್ಡಿ ಯಾವುದರ ಸಂಕೇತ ಎಂಬ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು.

ಈ ಯಶಸ್ಸು ನನ್ನ ತಲೆಗೇರಿತು. ಸಿನಿಮಾ ಇವರನ್ನು ಬೆಂಚಿನ ಎರಡು ತುದಿಯಿಂದ ಮಾತಾಡಿಸಬಲ್ಲದಾದರೆ, ಒಂದೇ ಜಮಖಾನೆಯ ಮೇಲೆ ಕೂರಿಸಲಾರದೇ? ಒಮ್ಮೆ ಮಾಮಾ ಮನೆಯೊಳಗೆ ಬಂದನೆಂದರೆ ಅವ್ವನನ್ನು ಪಂಚಮಿಗೆ ಕರೆಯದೆ ಹೇಗೆ ಹೋದಾನು? ಆಗಸ್ಟಿನ ಮೊದಲ ಸಂತೆಯ ದಿನ ಧೈರ್ಯ ಮಾಡಿ ತಗಡಿನ ಆಚೆಗೇ ಹೋದೆ. ಅಪ್ಪ ಇನ್ನೂ ಬಂದಿರಲಿಲ್ಲ.

"ಮಾಮಾ, ಹದಿನೈದನೇ ತಾರೀಖು ಮಧ್ಯಾಹ್ನ ನಮ್ಮ ಮನ್ಯಾಗ ಪಿಕ್ಚರ್ ಐತಿ. ಮೊದಲನೇ ಭಾಗದಿಂದ ಶುರು. ನೀವು ಬರಬೇಕು. ಫಕೀರಪ್ಪ ಕಾಕಾ, ನೀವೂ."

ಮಾಮಾ ಕಾಕಾನ ಮುಖ ನೋಡಿದ. ಕಾಕಾ ಸಂಗಪ್ಪನ ಮುಖ ನೋಡಿದ. ಸಂಗಪ್ಪ ಬೋರ್ಡಿನ ಕಡೆ ನೋಡಿದ.

"ಮನ್ಯಾಗ ಅಂತೀ?" ಎಂದ ಮಾಮಾ.

"ಹೌದ್ರಿ. ಇಲ್ಲೆ ಎಷ್ಟಂತ ಅರ್ಧಾಮರ್ಧಾ ಮಾತಾಡ್ತೀರಿ. ಅಲ್ಲಿ ಆರಾಮ ಕುಂತು ಪೂರಾ ಮಾತಾಡಬಹುದು."

"ಹುಡುಗಿ ಭಾಳ ಶ್ಯಾಣೆ ಐತಿ ನೋಡ್ರಿ ಬಸಣ್ಣಾರ," ಎಂದು ಕಾಕಾ ತೊಡೆ ತಟ್ಟಿದ. ನನಗೆ ಹೆಮ್ಮೆಯಾಯಿತು. ಹೊಗಳಿಕೆ ಯಾಕೆ ಬಂತು ಎಂದು ಕೇಳುವ ಅಭ್ಯಾಸ ನನಗೆ ಆಗ ಇರಲಿಲ್ಲ.

ಹದಿನೈದು, ಶನಿವಾರ. ಶಾಲೆಯಲ್ಲಿ ಝಂಡಾ ಏರಿಸಿದ ಮಕ್ಕಳು ಚಾಕಲೇಟು ಚೀಪುತ್ತ ಮನೆಗೆ ಹೋಗುವ ಹೊತ್ತಿಗೆ ನಾನು ಟಿವಿಗೆ ತಂತಿ ಜೋಡಿಸಿ, ಜಮಖಾನೆ ಹಾಸಿದ್ದೆ. ಅವ್ವ ಬೆಳಿಗ್ಗೆಯಿಂದ ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ಸೀರೆಯ ಚೀಲ ಈ ಸಲ ಕಾಣಲಿಲ್ಲ. ಕೇಳಿದ್ದಕ್ಕೆ, "ಎಷ್ಟ ಸಲ ಮಡಚೂದು, ಘಳಿಗಿ ಹರೀತಾವ" ಎಂದಳು. ಘಳಿಗೆ ಎಂದರೆ ಸೀರೆಯ ಮಡಿಕೆ.

ಮಾಮಾ ಬಂದ. ಹೊಸ್ತಿಲ ಮುಂದೆ ನಿಂತ. ಅಪ್ಪ ಒಳಗಿನಿಂದ ನೋಡುತ್ತ ನಿಂತ. ನನಗೆ ಎರಡು ವರ್ಷದ ಹಿಂದಿನ ಆಣೆ ಆಗ ನೆನಪಾಯಿತು. ಮಾಮಾ ಧೋತರದ ಚುಂಗು ಎತ್ತಿ ಹಿಡಿದು, ಹಳ್ಳ ದಾಟುವವನ ಹಾಗೆ ಉದ್ದ ಹೆಜ್ಜೆ ಹಾಕಿ ಒಳಗೆ ಇಳಿದ.

"ತುಳಿಯೂದಿಲ್ಲ ಅಂದಿದ್ದೆ. ತುಳದಿಲ್ಲ," ಎಂದ.

"ದಾಟೂದಿಲ್ಲ ಅಂತ ಅಂದಿದ್ದಿಲ್ಲ ಬಿಡ್ರಿ," ಎಂದು ಅಪ್ಪ ಜಾಗ ಕೊಟ್ಟ. ಫಕೀರಪ್ಪ ಕಾಕಾ ಮತ್ತು ಮಿರ್ಚಿಯ ಪೊಟ್ಟಣ ಹಿಡಿದ ಸಂಗಪ್ಪ ಹಿಂದೆಯೇ ಬಂದರು. ನಾನು ಸಿನಿಮಾ ಹಚ್ಚಿದೆ.

ಕತ್ತಲೆ. ನಕ್ಷತ್ರಗಳು. ಕ್ಯಾಪ್ಟನ್ನನ ನೌಕೆ ನಿಧಾನವಾಗಿ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತದೆ. ಅದು ತುಂಬ ಉದ್ದದ ನೌಕೆ. ನಾಲ್ವರೂ ನಿಶ್ಶಬ್ದವಾಗಿ ನೋಡಿದರು. ತನ್ಮಯತೆ ಎಂದುಕೊಂಡೆ.

"ಗಿರ್ಜವ್ವ," ಎಂದ ಕಾಕಾ ಕೊನೆಗೆ, "ಈ ಜಾಹೀರಾತು ಎಷ್ಟೊತ್ತ ಐತಿ?"

"ಸುದ್ದಿ ಹಚ್ಚ ಯವ್ವಾ," ಎಂದ ಮಾಮಾ. "ಕೆಂಪು ಕೋಟಿ ಮ್ಯಾಲಿನ ಭಾಷಣ ಮತ್ತ ತೋರಸ್ತಿರ್ತಾರ. ಅದರ ಮ್ಯಾಲನ ಮಾತಾಡೂಣು."

"ಮಾಮಾ, ಇದ ಪಿಕ್ಚರ್. ನೀವ ಹೇಳ್ತಿದ್ದಿರೆಲ್ಲಾ, ಮೊದಲನೇ ಭಾಗ."

"ಇದ?"

ಅಪ್ಪ ನನ್ನನ್ನು ನೋಡಿದ. ನಾನು ಕಾಕಾನನ್ನು ನೋಡಿದೆ. ನನ್ನ ಎರಡು ತಿಂಗಳ ಶ್ರಮ ಕಾಲಡಿಯಿಂದ ಜಾರುತ್ತಿರುವುದು ಅರ್ಧ ತಿಳಿದಿತ್ತು. ಆದರೂ ಹಟ ಬಿಡದೆ ಕೇಳಿದೆ: "ಕಾಕಾ, ಬ್ಯಾಂಕಿನ ಮುಂದ ಪಾಳಿ ಹಚ್ಚಿದ ಸೀನು ಇದರಾಗ ಎಲ್ಲೂ ಇಲ್ಲ. ನೀವು ಎಲ್ಲಿ ನೋಡಿದ್ರಿ?"

"ನೋಡೂದೇನ್ ಬಂತು ತಂಗಿ," ಎಂದ ಫಕೀರಪ್ಪ ಕಾಕಾ. "ಪಾಳೇದಾಗ ನಾನ ನಿಂತಿದ್ನೆಲ್ಲಾ."

ಸಂಗಪ್ಪ ಮೊದಲು ನಕ್ಕ. ಮಿರ್ಚಿ ಬಾಯಲ್ಲಿದ್ದುದರಿಂದ ನಗು ಕೆಮ್ಮಾಯಿತು. ಬೆನ್ನು ಗುದ್ದುವ ನೆಪದಲ್ಲಿ ಅಪ್ಪನೂ ಮಾಮಾನೂ ಅವನ ಎರಡು ಬದಿಗೆ ಬಂದು ನಗತೊಡಗಿದರು. ನನ್ನ ಪೋಸ್ಟರನ್ನು ನೋಡಿ ಕಾಕಾ ಆ ಮೊದಲ ದಿನ ಉಪಾಯ ಹೂಡಿದ್ದನಂತೆ. ಭಾಗ ಒಂದು ಎಂದರೆ ಸರಕಾರದ ಮೊದಲ ಐದು ವರ್ಷ, ಎರಡು ಎಂದರೆ ಎರಡನೆಯದು, ಮೂರು ಎಂದರೆ ಈಗಿನದು. ಆಜೂಬಾಜೂದವರು ಎಂದರೆ ಮಿತ್ರಪಕ್ಷ. ಉಳ್ಳಾಗಡ್ಡಿ ಎಂದರೆ ಉಳ್ಳಾಗಡ್ಡಿ. ನೀರು ಎಂದರೆ, ನರಗುಂದದವರು ಕೊಡ ಹಿಡಿದು ಕಾಯುತ್ತಿರುವ ಮಹಾದಾಯಿಯ ನೀರು. ಬೋರ್ಡು ಬರೆದವಳಿಗೆ ಇದೆಲ್ಲ ಗೊತ್ತಿದೆ, ಗೊತ್ತಿದ್ದೇ ಬೋರ್ಡಿಲ್ಲದ ಜಾಗಕ್ಕೆ ಕರೆದಿದ್ದಾಳೆ ಎಂದು ಅವರು ತಿಳಿದಿದ್ದರು. ನಾನು ಶ್ಯಾಣೆ ಆದದ್ದು ಹಾಗೆ.

ನಗುವಿನಲ್ಲೇ ನಿಂತಿದ್ದರೆ ಚೆನ್ನಿತ್ತು. ಅಪ್ಪ ಕಣ್ಣೊರೆಸಿಕೊಂಡು, "ಇನ್ನೇನು, ಖುಲ್ಲಾ ಮಾತಾಡೂಣು. ನಮ್ಮ ಮನ್ಯಾಗೇನ ಬೋರ್ಡಿಲ್ಲ" ಎಂದ. ಅದೇ ತಪ್ಪಾಯಿತು. ಇಷ್ಟು ದಿನ ಹೀರೋ, ಎದರಿನವರು ಎಂದು ಕರೆಯುತ್ತಿದ್ದವರನ್ನು ಈಗ ಹೆಸರು ಹಿಡಿದು ಕರೆದರು. ಹೆಸರು ಬಂದಕೂಡಲೇ ಧ್ವನಿ ಏರಿತು. ಒಲೆಯ ಮೇಲೆ ಚಹಾ ಕುದಿಯುವಷ್ಟರಲ್ಲಿ ಎರಡು ವರ್ಷದ ಹಿಂದಿನ ಜಗಳ, ಬಿಟ್ಟ ಜಾಗದಿಂದಲೇ, ಅದೇ ಮಾತುಗಳಿಂದ ಮತ್ತೆ ಶುರುವಾಯಿತು. ಮಿರ್ಚಿಯ ತಟ್ಟೆಯನ್ನು ಸಂಗಪ್ಪ ಅನುಭವದಿಂದ ಮೊದಲೇ ಎತ್ತಿಕೊಂಡ.

"ಇದಕ್ಕ ನಾ ಇಲ್ಲಿ ಬರಬಾರದಿತ್ತು," ಎಂದು ಮಾಮಾ ಎದ್ದ.

"ದಾಟಿ ಬಂದೀರಿ, ದಾಟಿ ಹೋಗ್ರಿ," ಎಂದ ಅಪ್ಪ.

ಮಾಮಾ ಚಪ್ಪಲಿ ಹುಡುಕುತ್ತ ಬಾಗಿಲ ಹತ್ತಿರ ಹೋದ. ಅಡುಗೆಮನೆಯಿಂದ ಅವ್ವ ಉಂಡಿಯ ತಾಟು ಹಿಡಿದು ಬಂದಳು. ತಾಟನ್ನು ಜಮಖಾನೆಯ ನಡುವೆ ಇಟ್ಟಳು. ಎರಡು ತಿಂಗಳು ದಿನವೂ ರೊಟ್ಟಿ ಬಡಿಯುತ್ತ ನನ್ನ ಬಾಯಿಂದ ಭಾಗ ಒಂದು, ಎರಡು, ಮೂರು ಎಂದು ಕೇಳಿಸಿಕೊಂಡವಳು ಅವಳು.

"ಅಣ್ಣಾ, ನಾನೂ ಒಂದ ಪಿಕ್ಚರ್ ನೋಡಾಕತ್ತೇನಿ," ಎಂದಳು. "ಮೊದಲನೇ ಭಾಗದಾಗ ತಂಗಿ ಪಂಚಮಿಗೆ ಉಂಡಿ ಕಟ್ಟಿ, ಸೀರಿ ಮಡಚಿ ಇಟ್ಟು ಕಾದ್ಲು. ಅಣ್ಣ ಬರಲಿಲ್ಲ. ಎರಡನೇ ಭಾಗದಾಗೂ ಕಾದ್ಲು. ಬರಲಿಲ್ಲ. ಮೂರನೇ ಭಾಗ ನಾಡದ ಸೋಮವಾರ ಐತಿ. ಇದರಾಗ ಕಥಿ ಏನರ ಬದಲ್ ಆಗತೈತೇನ? ಇಲ್ಲಾ ಇದರಾಗೂ ಬರೇ ದೂರದಿಂದ ತೋರಸ್ತೀರೇನ?"

ಟಿವಿಯಲ್ಲಿ ಕ್ಯಾಪ್ಟನ್ ಯಾಕೋ ಸುಮ್ಮನೆ ಆಕಾಶ ನೋಡುತ್ತ ನಿಂತಿದ್ದ. ಮಾಮಾ ಒಂದು ಕಾಲಿಗೆ ಹಾಕಿಕೊಂಡಿದ್ದ ಚಪ್ಪಲಿಯನ್ನು ಬಿಟ್ಟ. ಒಳಗೆ ಬರುವಾಗ ಈ ಸಲ ಹೊಸ್ತಿಲು ನೋಡಲಿಲ್ಲ, ಅದರ ಮೇಲೆಯೇ ಕಾಲಿಟ್ಟು ಬಂದ. ತಾಟಿನಿಂದ ಒಂದು ಉಂಡಿ ತೆಗೆದುಕೊಂಡು, ಅವ್ವನ ಮುಖ ನೋಡಲಾರದೆ ಉಂಡಿಯನ್ನೇ ನೋಡುತ್ತ ಕೇಳಿದ:

"ಫಕೀರಪ್ಪ, ನರಗುಂದಕ್ಕ ಐದೂವರಿ ಬಸ್ಸೈತೇನ?"

"ಐದೂ ಇಪ್ಪತ್ತಕ್ಕ," ಎಂದ ನಿವೃತ್ತ ಕಂಡಕ್ಟರ್. "ಲಗೂ ಏಳ್ರಿ, ಹಬ್ಬದ ಗದ್ದಲ ಐತಿ, ಸೀಟ ಸಿಗೂದಿಲ್ಲ."

ಸೀರೆಯ ಚೀಲವನ್ನು ತಂದವನು ಅಪ್ಪ. ಅದು ಟ್ರಂಕಿನಲ್ಲಿ ಮಡಚಿಯೇ ಇತ್ತಂತೆ, ಚೀಲದ ಸಮೇತ. ಹರಿದುಹೋಗುವ ಘಳಿಗೆಯ ಮಾತನ್ನು ಅವ್ವ ನನಗೆ ಮಾತ್ರ ಹೇಳಿದ್ದಳು. ಬಸ್ ನಿಲ್ದಾಣದವರೆಗೆ ಚೀಲ ಹೊತ್ತದ್ದೂ ಅಪ್ಪನೇ. ದಾರಿಯುದ್ದಕ್ಕೂ ಅವನು ಮತ್ತು ಮಾಮಾ ಮೂರನೇ ಭಾಗದ ಬಗ್ಗೆಯೇ ಜಗಳವಾಡುತ್ತ ನಡೆದರು, ಮತ್ತೆ ಹೀರೋ, ಡೈರೆಕ್ಟರ್, ಇಂಟರ್ವಲ್ ಎಂದೇ. ಬಸ್ಸು ಹೊರಟಾಗ ಕಿಟಕಿಯಿಂದ ಮಾಮಾ, "ನಿಮ್ಮ ಹೀರೋಗ ಹೇಳ್ರಿ, ನಾಲ್ಕನೇದ್ರಾಗರ ನೀರು ಬಿಡಂತ" ಎಂದು ಕೂಗಿದ. ಅಪ್ಪ, "ನೀವು ಮೊದಲ ಹೀರೋನ ಹುಡುಕ್ರಿ" ಎಂದು ಕೂಗಿದ. ಅವ್ವ ಇಬ್ಬರ ಕಡೆಯೂ ನೋಡಲಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತ ಕೂತಿದ್ದಳು. ನಿನ್ನೆ ಫೋನು ಮಾಡಿ ಜೋಕಾಲಿ ಆಡಿದೆ ಎಂದಳು. ಎಷ್ಟು ಸಲ ಎಂದು ಕೇಳಿದೆ. ಬೈದು ಫೋನು ಇಟ್ಟಳು.

ಇತ್ತ ನನ್ನ ಪಾಡು. ಅವ್ವ ಬರುವತನಕ ರೊಟ್ಟಿ ನನ್ನದು. ಅದರ ಬಗ್ಗೆ ಅಪ್ಪನ ಅಭಿಪ್ರಾಯವನ್ನು ನಾನು ಪಟ್ಟಿಗೆ ಸೇರಿಸಿಲ್ಲ. ಫೋನಿನ ಗುಂಪಿನಲ್ಲಿ ಸತ್ಯ ಹೇಳಿಬಿಡಬೇಕೆಂದು ಎರಡು ಸಲ ಬರೆದು ಎರಡು ಸಲ ಅಳಿಸಿದೆ. ಸತ್ಯ ಹೇಳಿದರೆ ರಾಜಕೀಯ ತಂದಳೆಂದು ನನ್ನನ್ನು ಗುಂಪಿನಿಂದ ತೆಗೆಯುತ್ತಾರೆ. ಅದಕ್ಕಿಂತ ಕಷ್ಟ ಏನೆಂದರೆ, ಬ್ಯಾಂಕಿನ ದೃಶ್ಯವನ್ನು ಬಿಡುಗಡೆ ಮಾಡಬೇಕೆಂದು ಈಗ ಅಲ್ಲೊಂದು ಚಳವಳಿಯೇ ನಡೆದಿದೆ. ಒಬ್ಬ ಅಭಿಮಾನಿ ಆ ದೃಶ್ಯವನ್ನು ತಾನು ಕಣ್ಣಾರೆ ನೋಡಿದ್ದೇನೆಂದು ಪ್ರಮಾಣ ಮಾಡಿದ್ದಾನೆ. ಹಿನ್ನೆಲೆ ಸಂಗೀತ ಬಹಳ ಚೆನ್ನಾಗಿತ್ತಂತೆ.

ಇವತ್ತು ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಸಂಗಪ್ಪ ಕಾಯುತ್ತಿದ್ದ. ಹಳೆಯ ಬೋರ್ಡು ಕೈಯಲ್ಲಿತ್ತು.

"ಇದರ ಕೆಳಗ ಇನ್ನೊಂದ ಸಾಲ ಬರಿ ಗಿರ್ಜವ್ವ. ಶನಿವಾರ ನಡದದ್ದು ನೋಡಿ ಎದಿ ಹೊಡಕೊಳ್ಳಾಕತ್ತೈತಿ. ಇಲ್ಲಿ ಸಿನಿಮಾ ಮಾತಾಡಬಾರದು ಅಂತ ಬರಿ."

"ಸಂಗಪ್ಪ ಕಾಕಾ, ಸಿನಿಮಾ ಏನ್ ಮಾಡೈತ್ರಿ ಪಾಪ?"

"ಅದೆಲ್ಲಾ ನನಗ ಗೊತ್ತಿಲ್ಲ. ಆ ಪೋಸ್ಟರ್ ಅಷ್ಟು ತಗದಬಿಡು ಯವ್ವಾ."

ರೋಣದಲ್ಲಿ ನಿಜವಾಗಿಯೂ ಆ ಸಿನಿಮಾದ ಬಗ್ಗೆ ಮಾತಾಡಬೇಕೆನ್ನುವವಳು ನಾನೊಬ್ಬಳೇ. ಮಾತಾಡಬಾರದು ಎಂಬ ಬೋರ್ಡನ್ನು ಕೆಂಪು ಅಕ್ಷರದಲ್ಲಿ ನಾನೇ ಬರೆದು ಕೊಟ್ಟಿದ್ದೇನೆ. ಬಣ್ಣ ಇನ್ನೂ ಆರಿಲ್ಲ. ಆಗಲೇ ತಗಡಿನ ಆಚೆಯಿಂದ ಫಕೀರಪ್ಪ ಕಾಕಾ ಯಾರನ್ನೋ ಕೇಳುತ್ತಿದ್ದಾನೆ, ಎರಡನೇ ಪಾಳಿಯ ಮಳೆಗಿಂತ ಮೂರನೇ ಪಾಳಿಯ ಮಳೆ ಹ್ಯಾಂಗ ಅಂತ. ನಾನು ಪೆನ್ನು ಎತ್ತಿಕೊಂಡೆ, ಮಳೆಯ ಲೆಕ್ಕ ಬರೆದಿಡಬೇಕಲ್ಲ ಎಂದು. ಮತ್ತೆ ಕೆಳಗಿಟ್ಟೆ.

ನನ್ನ ಸರಣಿಯ ನಾಲ್ಕನೇ ಭಾಗ ಬರುತ್ತದೆ ಎಂಬ ಸುದ್ದಿಯಿದೆ. ಅದರಲ್ಲಾದರೂ ನೀರು ಬರುತ್ತದೆಯೇ ಎಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ. ಯಾವ ನೀರಿನ ಬಗ್ಗೆ ಹೇಳುತ್ತಿದ್ದೀರಿ ಎಂಬುದನ್ನು ಮಾತ್ರ ಮೊದಲೇ ತಿಳಿಸಿ. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಬಿಟ್ಟಿದ್ದೇನೆ. ಎರಡೂ ಸದ್ಯಕ್ಕೆ ಖಾಲಿ ಇವೆ.